ಮಗನಿಗೆ ಹೊಕುಸಾಯ್ ಬಗ್ಗೆ ಹೇಗೆ ಹೇಳಲಿ?

ನಿಶಿ ಕಸಾಯ್ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗನಿಗೆ 7 ವರ್ಷ. ಹೊಸ 1000 ಯೆನ್ ನೋಟಿನ ಹಿಂದಿರುವ ಅಲೆ ನೋಡಿ, ಇದು ಯಾರು ಬರೆದದ್ದು ಅಂತ ಒಂದೇ ಸಮನೆ ಕೇಳುತ್ತಿದ್ದಾನೆ. ಹೊಕುಸಾಯ್ ಅಂತ ಜಪಾನಿನ ಹಳೆಯ ಕಾಲದ ಚಿತ್ರಕಾರ ಅಂದೆ, ಮುಂದಿನದು ನನಗೇ ಗೊತ್ತಿಲ್ಲ. ನೆಟ್‌ನಲ್ಲಿ ಹುಡುಕಿದರೆ ನಡುವೆ ಮಕ್ಕಳು ನೋಡಬಾರದ ಚಿತ್ರಗಳೂ ಬಂದವು. ಗಾಬರಿಯಿಂದ ಫೋನ್ ಕಿತ್ತುಕೊಂಡೆ. ಎಲ್ಲಿಂದ ಶುರು ಮಾಡಲಿ?

ಟೋಕಿಯೋ, 12 ವರ್ಷದಿಂದ: ಆ ಕಾಲದ ಚಿತ್ರಕಾರರಲ್ಲಿ ಸುಮಾರು ಜನ ಅಂಥವನ್ನೂ ಬರೆದವರೇ, ಬಿಡಿ. ರ್‍ಯೋಗೋಕು ಸ್ಟೇಷನ್ ಹತ್ತಿರ ಸುಮಿದಾ ಹೊಕುಸಾಯ್ ಮ್ಯೂಸಿಯಂ ಇದೆ. ಸೋಮವಾರ ರಜೆ. 1760ರಲ್ಲಿ ಅವನು ಹುಟ್ಟಿದ್ದು ಆ ಕಡೆಯೇ. ಒಳಗೆ ಮುದುಕ ಹೊಕುಸಾಯ್ ಹೊದಿಕೆ ಹೊದ್ದು, ನೆಲಕ್ಕೆ ಬಗ್ಗಿ ಚಿತ್ರ ಬರೆಯುವ ಗೊಂಬೆ ಇದೆ. ಪಕ್ಕದಲ್ಲಿ ಮಗಳು ಓಯಿ, ಅವಳೂ ಚಿತ್ರಕಾರಳೇ. ನನ್ನ ಮಗಳು ಅಲ್ಲಿಂದ ಕದಲಲೇ ಇಲ್ಲ.

ಸಿಂಗಪುರ ಕನ್ನಡಿಗ: ಮೊದಲು ನಮ್ಮದು ಕಲಿಸಿ ಮೇಡಂ. ಮಲೆನಾಡಿನ ಹಸೆ ಚಿತ್ತಾರ ನೋಡಿದ್ದಾನಾ? ಕಿನ್ನಾಳದ ಗೊಂಬೆ? ಕನ್ನಡ ಓದಲು ಬರುತ್ತದಾ? ನನ್ನ ಇಬ್ಬರೂ ಮಕ್ಕಳು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡುವುದಿಲ್ಲ.

ಟೋಕಿಯೋ, 12 ವರ್ಷದಿಂದ: ಸಾರ್, ಅವರು ಕೇಳಿದ್ದು ಅದಲ್ಲ.

ಸಿಂಗಪುರ ಕನ್ನಡಿಗ: ಕೇಳದಿದ್ದರೂ ಹೇಳಬೇಕು. ನಾಳೆ ಅಳುವವರು ನಾವೇ.

ನ್ಯೂಜೆರ್ಸಿ ಅಜ್ಜಿ: ನನ್ನ ಮಗನೂ ಚೆನ್ನಾಗಿ ಚಿತ್ರ ಬರೆಯುತ್ತಿದ್ದ. ಲೆಕ್ಕದಲ್ಲಿ ಹಿಂದೆ ಬೀಳುತ್ತಾನೆ ಅಂತ ನಾನೇ ಕ್ಲಾಸ್ ಬಿಡಿಸಿದೆ. ಹೊಕುಸಾಯ್ ಆ ಅಲೆ ಬರೆದಾಗ 70ರ ಆಸುಪಾಸಂತೆ. ಮಗನಿಗೆ ಹೇಳಿದೆ. ನಕ್ಕು ಫೋನ್ ಇಟ್ಟ.

ಧಾರವಾಡ, ಈಗ ಒಸಾಕಾ: ನೋಟನ್ನೇ ಕೈಗೆ ಕೊಡ್ರಿ. ದೋಣಿ ಎಷ್ಟು, ಫೂಜಿ ಬೆಟ್ಟ ಎಲ್ಲಿ ಅಂತ ಕೇಳ್ರಿ. ಬೆಟ್ಟ ಅಲೆಯ ಕೆಳಗೆ ಸಣ್ಣಗೆ ಕೂತಿದೆ, ಅದೂ ಒಂದು ಅಲೆಯೇ ಅನ್ನುವ ಹಾಗೆ. ಆ ಚಿತ್ರ ಮರದ ಹಲಗೆ ಕೊರೆದು ಕಾಗದಕ್ಕೆ ಒತ್ತಿದ ಅಚ್ಚು. ಅದು ತಿಳಿಯಲಿಕ್ಕೆ ಆಮೇಲೆ ಆಲೂಗಡ್ಡೆ ಅರ್ಧ ಕೊಯ್ದು ಅದರ ಮೇಲೆ ‘ಅ’ ಕೊರೆಸ್ರಿ. ಒತ್ತಿದರೆ ತಿರುಗಾಮುರುಗಾ ಬೀಳುತ್ತದೆ. ಅದಕ್ಕೇ ಅವರು ಚಿತ್ರದ ಕಾಗದವನ್ನು ಹಲಗೆಗೆ ಬೋರಲು ಅಂಟಿಸಿ, ಅದರ ಮೇಲೇ ಕೊರೆಯುತ್ತಿದ್ದರು. ಮೂಲ ಚಿತ್ರ ಅಲ್ಲಿಗೇ ಹೋಯಿತು. ಬರೆಯುವವನು ಒಬ್ಬ, ಕೊರೆಯುವವನು ಇನ್ನೊಬ್ಬ, ಅಚ್ಚು ಒತ್ತುವವನು ಮತ್ತೊಬ್ಬ.

ಸಿಂಗಪುರ ಕನ್ನಡಿಗ: ನೋಡಿ, ‘ಅ’ ಬಂತಲ್ಲ. ನಾನು ಹೇಳಿದ್ದೂ ಅದೇ.

ನಿಶಿ ಕಸಾಯ್ ಅಮ್ಮ: ‘ಅ’ ಬೇಡವಂತೆ, ಅಲೆಯೇ ಬೇಕಂತೆ. 4 ಆಲೂಗಡ್ಡೆ ಖರ್ಚಾಯಿತು. ದೋಣಿ, ಬೆಟ್ಟ ಎಲ್ಲ ಸೇರಿ ಒಂದೇ ನೀಲಿ ಮಚ್ಚೆ, ಅರ್ಧ ಟೇಬಲ್ ಮೇಲೆ. ಶನಿವಾರ ಮ್ಯೂಸಿಯಂಗೆ ಹೊರಟಿದ್ದೇವೆ. ಯಾರಾದರೂ ಬರುತ್ತೀರಾ?