ಶೀಟ್‌ನಲ್ಲಿ 67.525 ಕೆಜಿ, ಅಂಗಡಿಯಲ್ಲಿ 65.7. ಮೆಣಸಿನ ಲೆಕ್ಕ ಎಲ್ಲಿ ತಪ್ಪಿದೆ?

ತೋಟದಮನೆ: ಕಾಳುಮೆಣಸು ಒಣಗಿಸಿ ಆರು ಚೀಲ ಮಾಡಿದ್ದೆವು. ಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅಪ್ಪ ತೂಗಿ ಹೇಳಿದರು, ತಂಗಿ ಬರೆದುಕೊಂಡಳು, ನಾನು ಗೂಗಲ್ ಶೀಟ್‌ಗೆ ಹಾಕಿದೆ: 12.350, 9.80, 14.50, 11.725, 8.75, 10.400. ಮೊತ್ತ 67.525. ಅದೇ ಸಂಜೆ ಅಂಗಡಿಯಲ್ಲಿ ಚೀಲದ ತೂಕ ಕಳೆದು 65.7 ಅಂದರು. ನಾವೂ ಖಾಲಿ ಚೀಲ ಇಟ್ಟು ಸೊನ್ನೆ ಮಾಡಿಕೊಂಡೇ ತೂಗಿದ್ದು. ಹತ್ತಿರ ಎರಡು ಕೆಜಿ ಎಲ್ಲಿ ಹೋಯ್ತು? ಅವರ ತಕ್ಕಡಿ ಮೇಲೆ ಅನುಮಾನ ಇದೆ, ಆದರೆ ಜಗಳಕ್ಕೆ ಹೋಗೋ ಮೊದಲು ಇಲ್ಲಿ ಕೇಳೋಣ ಅಂತ.

ಬೈಟು_ಕಾಫಿ: ಕಂಪ್ಯೂಟರ್‌ಗೆ ದಶಮಾಂಶ ಸರಿಯಾಗಿ ಬರಲ್ಲ ಸರ್. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರೋದು ನೋಡಿಲ್ವಾ?

ಹಳೇಲೆಕ್ಕ: ಅದು ಚುಕ್ಕಿ ಆದಮೇಲೆ ಹದಿನೇಳನೇ ಸ್ಥಾನದ ತಕರಾರು. ಅದರಿಂದ ಎರಡು ಕೆಜಿ ಮೆಣಸು ಮಾಯವಾಗಲ್ಲ.

ಮೊದಲು ಅಂದಾಜು ನೋಡಿ. ಹತ್ತಿರದ ಇಡೀ ಕೆಜಿಗೆ ತಂದರೆ 12, 10, 15, 12, 9, 10. ಒಟ್ಟು 68. ಅಂದರೆ ಶೀಟ್ ಕೂಡಿದ್ದು ಸರಿ ಇದೆ, ಅದಕ್ಕೆ ಕೊಟ್ಟ ಅಂಕಿಗಳಲ್ಲೇ ಏನೋ ಇದೆ. ಕೊಟ್ಟಿದ್ದೇ ತಪ್ಪಾದರೆ ಅಂದಾಜೂ ಅದೇ ತಪ್ಪನ್ನು ಒಪ್ಪಿಕೊಂಡು ಕೂತಿರುತ್ತೆ.

ಈಗ ಬರೆದ ರೀತಿ ನೋಡಿ. ಮೂರು ಚೀಲಕ್ಕೆ ಚುಕ್ಕಿ ಆದಮೇಲೆ ಮೂರು ಅಂಕಿ, ಕೊನೆಯ ಸೊನ್ನೆಯನ್ನೂ ಬಿಡದೆ ಬರೆದಿದ್ದಾರೆ. ಉಳಿದ ಮೂರಕ್ಕೆ ಎರಡೇ. ಅಪ್ಪ "ಒಂಬತ್ತು ಕೆಜಿ ಎಂಬತ್ತು ಗ್ರಾಂ" ಅಂತ ಕೂಗಿ ಹೇಳಿದ್ರಾ? ಹಾಗಿದ್ದರೆ ಅದು 9.80 ಅಲ್ಲ, 9.080. ಚುಕ್ಕಿ ಪಕ್ಕದ ಮೊದಲ ಮನೆ ನೂರು ಗ್ರಾಮಿನದು, ನೂರು ಇಲ್ಲದಿದ್ದರೆ ಅಲ್ಲಿ ಸೊನ್ನೆ ಕೂರಬೇಕು. 14.050, 8.075 ಹಾಕಿ ನೋಡಿ. ಜಾಸ್ತಿ ಬಿದ್ದದ್ದು 720 + 450 + 675, ಒಟ್ಟು 1845 ಗ್ರಾಂ. 67.525ರಲ್ಲಿ 1.845 ಕಳೆದರೆ 65.680. ಅಂಗಡಿ ತಕ್ಕಡಿ ನೂರು ಗ್ರಾಮಿನ ಲೆಕ್ಕದಲ್ಲಿ ತೋರಿಸೋದಾದರೆ 65.7 ಸರಿಯಾಗೇ ಇದೆ, ಪಾಪ.

ತೋಟದಮನೆ: ತಂಗಿನ ಕೇಳಿದೆ, ಅಪ್ಪ ಹಾಗೇ ಹೇಳಿದ್ದಂತೆ! ಜಗಳ ತಪ್ಪಿತು.

ಮಿಡ್_ಆನ್: ಕ್ರಿಕೆಟ್‌ನಲ್ಲೂ ಇದೇ ಕಥೆ. 4.5 ಓವರ್‌ಗೆ 2.3 ಓವರ್ ಸೇರಿಸಿದರೆ 6.8 ಅಲ್ಲ, 7.2. ಅಲ್ಲಿನ ಚುಕ್ಕಿ ದಶಮಾಂಶದ್ದೇ ಅಲ್ಲ, ಆರು ಬಾಲಿಗೆ ಒಂದು ಓವರ್.

ಹಳೇಲೆಕ್ಕ: ಮುಂದಿನ ಸಲ ಶೀಟ್‌ನಲ್ಲಿ ಕೆಜಿಗೆ ಒಂದು ಕಾಲಂ, ಗ್ರಾಮಿಗೆ ಇನ್ನೊಂದು ಇಡಿ. ಮೂರನೆಯದರಲ್ಲಿ ಗ್ರಾಮನ್ನು 1000ದಿಂದ ಭಾಗಿಸಿ ಕೆಜಿಗೆ ಕೂಡಿಸಿ. ಅಪ್ಪ ಹೇಗೆ ಹೇಳ್ತಾರೋ ಹಾಗೇ ಟೈಪ್ ಮಾಡಬಹುದು, ಅವರನ್ನು ತಿದ್ದೋಕೆ ಹೋಗಬೇಡಿ.

ತೋಟದಮನೆ: ಒಂದು ಡೌಟು. ಹೋದ ವರ್ಷದ ಪುಸ್ತಕದಲ್ಲಿ ಒಂದು ಚೀಲಕ್ಕೆ ಸುಮ್ನೆ 7.5 ಅಂತಿದೆ. 7.500ಆ, 7.050ಆ, 7.005ಆ? ಉಳಿದ ಚೀಲ ಸೇರಿ 24.135, ಅವಕ್ಕೆಲ್ಲ ಮೂರಂಕಿ ಇದೆ. ಅದೇ ಅಂಗಡಿಯ ಚೀಟಿಯಲ್ಲಿ ಒಟ್ಟು 31.2.

ಹಳೇಲೆಕ್ಕ: ಚೀಟಿ ಇದ್ದರೆ ಸುಲಭ. 31.2ನ್ನು 31.200 ಅಂತ ಬರೆದು, ಚುಕ್ಕಿ ಕೆಳಗೆ ಚುಕ್ಕಿ ಬರೋ ಹಾಗೆ 24.135 ಇಟ್ಟು ಕಳೆಯಿರಿ. 7.065 ಉಳಿಯುತ್ತೆ. 7.500 ಆಗಿದ್ದರೆ ಚೀಟಿಯಲ್ಲಿ 31.6 ಇರಬೇಕಿತ್ತು, 7.005 ಆಗಿದ್ದರೆ 31.1. 7.050 ಹಾಕಿದರೆ 31.185, ನೂರು ಗ್ರಾಮಿನ ಲೆಕ್ಕದಲ್ಲಿ ಅದೇ 31.2. ನಿಮ್ಮದು 7.050.