ಹಳೆಯ ಮನೆ ಆಫೀಸ್ ಆಗುವಾಗ: ಮರದ ಮಹಡಿಯ ಲೋಡ್, ವೈರಿಂಗ್, ಉದುರುವ ಗಾರೆ

ಪ್ರಶ್ನೆ
ನೂರು ವರ್ಷ ದಾಟಿದ ಎರಡಂತಸ್ತಿನ ಮನೆ. ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಮಹಡಿಗೆ 200 ಮಿ.ಮೀ. ಎತ್ತರದ ಮರದ ಜಂತೆ, ಮೇಲೆ ಹಲಗೆ. ಮಹಡಿಯಲ್ಲಿ ಹನ್ನೆರಡು ಮೇಜು, ಒಂದು ಕಡತದ ಕೋಣೆ ಬರಬೇಕು. ಜಂತೆ ಕೊರೆದು ವೈರ್ ಎಳೆಯಬಹುದಾ? ಕೆಳಗಿನ ಗೋಡೆಯ ಗಾರೆ ಉದುರುತ್ತಿದೆ, ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ನಿಲ್ಲುತ್ತಾ?

ಉತ್ತರ 1
ಮೇಜು, ಜನರ ಭಾರಕ್ಕಿಂತ ಕಡತದ ಕೋಣೆಗೇ ಹೆದರಬೇಕು. ವಾಸದ ಮನೆಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಲೆಕ್ಕ ಹಿಡಿಯುತ್ತಾರೆ, ಆಫೀಸಿಗೆ 250. ಕಾಗದ ತುಂಬಿದ ರ್‍ಯಾಕಿನಲ್ಲಿ ಮೀಟರ್ ಉದ್ದದ ಒಂದು ಹಲಗೆಗೆ 40 ಕೆ.ಜಿ. ಅಂದುಕೊಂಡರೂ ಆರು ಹಲಗೆಗೆ 240 ಆಯಿತು. ರ್‍ಯಾಕ್ 40 ಸೆ.ಮೀ. ಆಳವಿದ್ದರೆ ಅದರಡಿ ಚದರ ಮೀಟರಿಗೆ 600 ಕೆ.ಜಿ. ಬೀಳುತ್ತದೆ! ಕಡತ, ಸರ್ವರ್ ಎರಡನ್ನೂ ನೆಲಮಾಳಿಗೆಯಲ್ಲೋ ಕೆಳ ಅಂತಸ್ತಿನಲ್ಲೋ ಇಡಿ.

ಜಂತೆ ನಡುವೆ ಗಟ್ಟಿ ಕಂಡರೂ ಹೊರಗೋಡೆಯೊಳಗೆ ಕೂತ ತುದಿ ತೇವ ಕುಡಿದು ಕೊಳೆತಿರಬಹುದು. ಗೋಡೆ ಪಕ್ಕದ ಹಲಗೆ ಎಬ್ಬಿಸಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ; ಸಲೀಸಾಗಿ ಇಳಿದರೆ ಆ ತುದಿ ಹೋಯಿತು ಅಂತಲೇ. ಬಣ್ಣ, ಫರ್ನಿಚರ್‌ಗೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಬರಲಿ.

ಉತ್ತರ 2
ವೈರಿಂಗ್ ಬಗ್ಗೆ: ಜಂತೆಯ ಉದ್ದಕ್ಕೇ ಎಳೆದರೆ ಕೊರೆಯುವ ಕೆಲಸವೇ ಇಲ್ಲ. ಅಡ್ಡ ಹಾಯುವುದನ್ನು ಗೋಡೆಗುಂಟ ಸ್ಕರ್ಟಿಂಗ್ ಟ್ರಂಕಿಂಗ್‌ನಲ್ಲಿ (ಗೋಡೆಯ ಬುಡಕ್ಕೆ ಕೂರುವ, ವೈರ್ ಹಾಯುವ ಟೊಳ್ಳು ಪಟ್ಟಿ) ಒಯ್ಯಿರಿ. ಕೊರೆಯಲೇಬೇಕೆಂದರೆ ಎತ್ತರದ ಸರಿ ಮಧ್ಯದಲ್ಲಿ. ಭಾರ ಬಿದ್ದಾಗ ಜಂತೆಯ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಂಚು ಹಿಗ್ಗುತ್ತದೆ, ನಡುವಿಗೆ ಒತ್ತಡ ಕಡಿಮೆ. ತೂತು ಎತ್ತರದ ಕಾಲು ಭಾಗ ಮೀರಬಾರದು, ಅಂದರೆ ನಿಮಗೆ ಗರಿಷ್ಠ 50 ಮಿ.ಮೀ. 4 ಮೀಟರ್ ಜಂತೆಯಾದರೆ ಆಧಾರದಿಂದ 1 ಮತ್ತು 1.6 ಮೀಟರ್ ನಡುವೆ ಮಾತ್ರ. ಕೆಳಂಚಿನಲ್ಲಿ ಕಚ್ಚು ಹೊಡೆಯಲು ಯಾರಿಗೂ ಬಿಡಬೇಡಿ. ಎಲೆಕ್ಟ್ರಿಷಿಯನ್ ಕೆಲಸ ಮಾಡುವಾಗ ಪಕ್ಕದಲ್ಲೇ ಒಬ್ಬರು ನಿಂತಿರುವುದು ಒಳ್ಳೆಯದು.

ಉತ್ತರ 3
ಸಿಮೆಂಟ್ ಬೇಡವೇ ಬೇಡ. ಸುಣ್ಣದ ಗೋಡೆ ಹೀರಿದ ತೇವ ಮೇಲ್ಮೈಯಿಂದ ಆರಿಹೋಗಬೇಕು. ಸಿಮೆಂಟ್ ಆ ದಾರಿ ಮುಚ್ಚಿದರೆ ನೀರು ಇನ್ನೂ ಮೇಲೇರುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ.

ಮೊದಲು ನೀರಿನ ಮೂಲ ಹುಡುಕಿ: ಸೂರಿನಂಚಿನ ಒಡೆದ ಮಳೆನೀರಿನ ದೋಣಿ, ಸೋರುವ ಪೈಪ್, ಒಳನೆಲಕ್ಕಿಂತ ಎತ್ತರವಾದ ಹೊರಗಿನ ಮಣ್ಣು. ಎಸಿಯ ನೀರು ಗೋಡೆಗೆ ತೊಟ್ಟಿಕ್ಕದಂತೆ ಪೈಪ್ ಹಾಕಿಸಿ, ಆಫೀಸ್ ಆದಮೇಲೆ ಶುರುವಾಗುವ ಹೊಸ ತೇವಕ್ಕೆ ಇದೂ ಒಂದು ಕಾರಣ. ಗೋಡೆ ಆರಿದ ಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ, ಒಂದು ಸಲಕ್ಕೆ ಸುಮಾರು 10 ಮಿ.ಮೀ. ದಪ್ಪ. ಬೇಗ ಒಣಗಿದರೆ ಬಿರಿಯುತ್ತದೆ, ಒದ್ದೆ ಗೋಣಿ ಇಳಿಬಿಡಿ. ಮೇಲೆ ಸುಣ್ಣವನ್ನೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟ್ ಸಿಮೆಂಟಿನಷ್ಟೇ ಕೆಡುಕು.

ಉತ್ತರ 4
ನೀವು ಕೇಳದಿದ್ದರೂ ಬೆಂಕಿಯ ಬಗ್ಗೆ ಒಂದು ಮಾತು: ಮಹಡಿಯಿಂದ ಇಳಿಯಲು ಮರದ ಮೆಟ್ಟಿಲು ಒಂದೇ ಇದ್ದರೆ ಅದಕ್ಕೆ ತೆರೆದುಕೊಳ್ಳುವ ಬಾಗಿಲುಗಳನ್ನೂ ನೋಡಿ. ಹಳೆಯ ಬಾಗಿಲಿನ ದಪ್ಪ ಚೌಕಟ್ಟು ಸ್ವಲ್ಪ ಹೊತ್ತು ಬೆಂಕಿ ತಡೆಯುತ್ತದೆ, ನಡುವಿನ ತೆಳು ಹಲಗೆ ಮೊದಲು ಸುಟ್ಟು ತೂತಾಗುತ್ತದೆ. ಬಾಗಿಲು ಕಿತ್ತುಹಾಕಬೇಡಿ, ಹಿಂಬದಿಗೆ ಬೆಂಕಿ ತಡೆಯುವ ಬೋರ್ಡ್, ಅಂಚಿಗೆ ಬಿಸಿಗೆ ಉಬ್ಬುವ ಪಟ್ಟಿ, ತಾನೇ ಮುಚ್ಚಿಕೊಳ್ಳುವ ಕ್ಲೋಸರ್ ಹಾಕಿಸಿ. ಯಾವ ಬೋರ್ಡ್, ಎಷ್ಟು ದಪ್ಪ ಎಂಬುದನ್ನು ಅಗ್ನಿಸುರಕ್ಷತೆಯವರಿಂದ ಬರೆಸಿಕೊಳ್ಳಿ.