ಅಪ್‌ಡೇಟ್: ಫೋನ್ ತಾನಾಗಿ ಅಳಿಸಿಕೊಳ್ಳದಂತೆ ಮಾಡಿದ್ದಾಯ್ತು
ಮಗ ಲಾಕ್ ಸ್ಕ್ರೀನ್ ಮೇಲೆ ಸಿಕ್ಕಸಿಕ್ಕ ಅಂಕಿ ಒತ್ತುತ್ತಾನೆ, ಐಫೋನಿನಲ್ಲಿರೋದೆಲ್ಲ ಅಳಿಸಿಹೋಗದಂತೆ ತಡೆಯೋದು ಹೇಗೆ ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಸೆಟ್ಟಿಂಗ್ಸ್‌ನಲ್ಲಿ 'ಫೇಸ್ ಐಡಿ ಮತ್ತು ಪಾಸ್‌ಕೋಡ್' ತೆರೆದು ತೀರಾ ಕೆಳಗೆ ಹೋದರೆ 'ಇರೇಸ್ ಡೇಟಾ' ಇದೆ. ಆಫ್ ಮಾಡಿದೆ. ಅದು ಆನ್ ಇದ್ದರೆ ಸತತ 10 ತಪ್ಪು ಪಾಸ್‌ಕೋಡ್ ಆದಮೇಲೆ ಎಲ್ಲ ಅಳಿಯುತ್ತದೆ. ಒಂದೇ ತಪ್ಪು ಪಾಸ್‌ಕೋಡ್ ಬೆನ್ನುಬೆನ್ನಿಗೆ ಹಾಕಿದರೆ ಲೆಕ್ಕಕ್ಕಿಲ್ಲ. (ನಮ್ಮವನಿಗೆ ಅಷ್ಟು ತಾಳ್ಮೆ ಎಲ್ಲಿ!)

ಆದರೆ ಆಫ್ ಮಾಡಿದರೂ ತಪ್ಪು ಹೆಚ್ಚಿದಂತೆ ಕಾಯೋ ಹೊತ್ತು ಹೆಚ್ಚುತ್ತದೆ, ಕೊನೆಗೆ ಫೋನ್ ಪೂರ್ತಿ ಲಾಕ್ ಆಗಿ ನಾವೇ ಅಳಿಸಬೇಕಾಗಿ ಬರಬಹುದು. ಅದಕ್ಕೇ ಐಕ್ಲೌಡ್ ಬ್ಯಾಕಪ್ಪೂ ಆನ್ ಮಾಡಿಟ್ಟೆ. ಆಫೀಸಿನ ಫೋನಾದರೆ ಈ ನಿಯಮ ಅವರ ಕೈಲಿರಬಹುದು, ಐಟಿಯವರನ್ನೇ ಕೇಳಿ.